ಕೋಳಿ ಗೊಬ್ಬರ ಹಾಕಿಯೂ ಒಲೆ ಉರಿಯಿತು

ಗೋಬರ್ ಗ್ಯಾಸಿಗೆ ಕೋಳಿ ಗೊಬ್ಬರ ಹಾಕಬೇಡ, ಒಲೆ ಆರುತ್ತೆ ಅಂತ ನಮ್ಮ ಕಾಕಾ ಹೇಳಿದ್ದರು. ಆರಿತು ಕೂಡ. ಆದರೆ ತಪ್ಪು ಬರೀ ಗೊಬ್ಬರದ್ದಲ್ಲ, ಬಿಸಿಲಿನದ್ದೂ ಅಂತ ತಿಳಿಯೋಕೆ ಎರಡು ಬೇಸಿಗೆ ಹೋದವು.

ನಮ್ಮದು ಬ್ಯಾಡಗಿ ಹತ್ತಿರ, 2 ಘನಮೀಟರಿನ ಡೋಮ್, ಅಂದರೆ ಗುಮ್ಮಟದಂಥ ಗ್ಯಾಸ್ ಗುಂಡಿ. ಎಮ್ಮೆ ಮಾರಿದ ಮೇಲೆ ಹೆಂಡಿ ಸಾಲಲಿಲ್ಲ. ಟ್ರ್ಯಾಲಿಗೆ ಮೂರು ಸಾವಿರ ಚಿಲ್ಲರೆ ಕೊಟ್ಟು ಕೋಳಿ ಗೊಬ್ಬರ ತಂದೆ. ಚಳಿಯಲ್ಲಿ ಮೂರು ಬುಟ್ಟಿ ಹೆಂಡಿಗೆ ಒಂದು ಬುಟ್ಟಿ ಹಾಕಿದರೂ ಏನೂ ಆಗಲಿಲ್ಲ, ನಾನು ಮೀಸೆ ತಿರುವಿದೆ. ಯುಗಾದಿ ಹೊತ್ತಿಗೆ ಗ್ಯಾಸ್ ಬರುತ್ತಿತ್ತು, ಹತ್ತುತ್ತಿರಲಿಲ್ಲ. ಸ್ಲರಿ (ಗ್ಯಾಸ್ ಬಿಟ್ಟ ಮೇಲಿನ ಬಗ್ಗಡ) ಹೊರಬರುವ ಔಟ್‌ಲೆಟ್ ಹತ್ತಿರ ಹೋದರೆ ಅಮೋನಿಯಾಕ್ಕೆ ಕಣ್ಣುರಿ. ಹೋಳಿಗೆಗೆ ಸಿಲಿಂಡರ್ ತರಿಸಿದ್ದನ್ನು ಮನೆಯಾಕೆ ಇವತ್ತಿಗೂ ಮರೆತಿಲ್ಲ.

ಮರುವರ್ಷ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಔಟ್‌ಲೆಟ್ಟಿಗೆ ಇಳಿಬಿಟ್ಟೆ. ಜನವರಿಯಲ್ಲಿ 23ರ ಆಸುಪಾಸು, ಏಪ್ರಿಲಲ್ಲಿ 33 ದಾಟಿತ್ತು. ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಕಾಗದ 8ರ ಹತ್ತಿರ. ಪಿಎಚ್ ಅಷ್ಟೇ ಇದ್ದರೂ, ಹತ್ತು ಡಿಗ್ರಿ ಏರಿದರೆ ಕರಗಿದ ಅಮೋನಿಯಾದಲ್ಲಿ ಸೂಕ್ಷ್ಮಜೀವಿಗಳಿಗೆ ವಿಷವಾಗುವ ಪಾಲು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಗೊಬ್ಬರ ಕೊಳೆಸಿ ಅಮೋನಿಯಾ ಬಿಡುವ ಸೂಕ್ಷ್ಮಜೀವಿಗಳೂ ಸೆಕೆಗೆ ಚುರುಕಾಗುತ್ತವೆ. ಪೆಟ್ಟು ಬೀಳೋದು ಮೀಥೇನ್, ಅಂದರೆ ಒಲೆ ಉರಿಸುವ ಗ್ಯಾಸ್, ಮಾಡುವ ಸೂಕ್ಷ್ಮಜೀವಿಗಳಿಗೆ.

ಅಂದರೆ ಬುಟ್ಟಿ ಲೆಕ್ಕ ತಿಂಗಳಿಗೆ ತಕ್ಕಂತೆ ಬದಲಾಗಬೇಕು. ಬಿಸಿಲು ಬಂದ ಮೇಲೆ ಕಡಿಮೆ ಮಾಡಿದರೆ ಉಪಯೋಗವಿಲ್ಲ, ಹಾಕಿದ್ದು ಒಳಗೆ 40 ದಿನ ಇರುತ್ತಲ್ವಾ! ಹಾಗಾಗಿ ಸಂಕ್ರಾಂತಿ ಮುಗಿದ ಕೂಡಲೇ ಇಳಿಸುತ್ತೇನೆ, ಯುಗಾದಿಗೆ ಎಂಟಕ್ಕೆ ಒಂದು. ನೀರು ಸ್ವಲ್ಪ ಜಾಸ್ತಿ, ಜೊತೆಗೆ ನೆನೆಸಿದ ಗೋವಿನಜೋಳದ ಹೊಟ್ಟು. ಎಷ್ಟು ದಿನ, ಯಾವುದರಲ್ಲಿ ನೆನೆಸೋದು ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಡೋಮಿನ ಮೇಲೆ ಮಣ್ಣು ಹಾಕಿ ಕಣಕಿ ಹೊದಿಸಿದೆ, ಇಳಿದದ್ದು ಎರಡೇ ಡಿಗ್ರಿ. ಅಷ್ಟು ಸಾಕಾಯಿತು. ಕಳೆದ ಬೇಸಿಗೆ ಒಂದು ದಿನವೂ ಒಲೆ ಆರಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಗಾಳಿ ಸಿಕ್ಕರೆ ಅಮೋನಿಯಾ ಗಿಡ ಹೀರುವ ನೈಟ್ರೇಟ್ ಆಗುತ್ತೆ ಅಂತ ಓದಿ, ಮೀನಿನ ತೊಟ್ಟಿಯ ಪಂಪನ್ನು ಒಂದು ಡ್ರಮ್ ಸ್ಲರಿಗೆ ಹಚ್ಚಿದೆ. ಏಪ್ರಿಲ್ ಸೆಕೆ, ನೊರೆ ಉಕ್ಕಿ ಅಂಗಳಕ್ಕೆ ಬಂತು, ನೈಟ್ರೇಟ್ ಆಗೋ ಮೊದಲೇ ಅಮೋನಿಯಾ ಹಾರಿಹೋಗಿ ಓಣಿಯವರೆಲ್ಲ ಮೂಗು ಮುಚ್ಚಿಕೊಂಡರು, ಪಂಪಿಗೆ ಕೊಟ್ಟ ನಾನೂರು ರೂಪಾಯಿಯೂ ಹೋಯಿತು. ಈಗ ಸುಮ್ನೆ ಸ್ಲರಿ ಗುಂಡಿ ಮುಚ್ಚಿಡುತ್ತೇನೆ, ಸಂಜೆ ತಂಪು ಹೊತ್ತಲ್ಲಿ ಸ್ಲರಿಯನ್ನು ನೀರಿನ ಜೊತೆ ಮೆಣಸಿನ ಗಿಡಕ್ಕೆ ಬಿಡುತ್ತೇನೆ. ಎಕರೆಗೆ ಯೂರಿಯಾ ಒಂದು ಚೀಲ ಉಳಿದಿದೆ. ಕಾಕಾ ಮೊನ್ನೆ ಥರ್ಮಾಮೀಟರ್ ಒಯ್ದಿದ್ದಾರೆ, ಇನ್ನೂ ವಾಪಸ್ ಕೊಟ್ಟಿಲ್ಲ.