ಎರಡು ಕ್ವಿಂಟಲ್ ಸೌದೆಯಲ್ಲಿ ದಹನ: ನಮ್ಮ ರುದ್ರಭೂಮಿಯ ಸರಳಿನ ಚಿತೆ

ನೆಲದ ಮೇಲೆ ಒಟ್ಟುವ ಚಿತೆಗೆ ನಾಲ್ಕೈದು ಕ್ವಿಂಟಲ್ ಸೌದೆ ಬೇಕು. ನೆಲದಿಂದ ಎತ್ತರಿಸಿದ ಕಬ್ಬಿಣದ ಸರಳುಗಳ ಮೇಲೆ ಒಟ್ಟುವ ನಮ್ಮ ಸರಳಿನ ಚಿತೆಯಲ್ಲಿ ಒಣ ಸೌದೆ ಎರಡು ಕ್ವಿಂಟಲ್ ಸಾಕು, ತೆಳುದೇಹವಾದರೆ ಒಂದೂವರೆಗೇ ಮುಗಿಯುತ್ತದೆ. ‘ಅರ್ಧ ಬೆಂದು ನಿಲ್ಲುತ್ತದೆ’ ಎಂದಿದ್ದವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲು ಕೈಕೊಟ್ಟದ್ದು ಸರಳು. 12 ಎಂಎಂ ಕಂಬಿ ಐದಾರು ದಹನಕ್ಕೇ ನಡುವೆ ಜೋತುಬಿತ್ತು. ಕೆಂಪಗೆ ಕಾದ ಕಬ್ಬಿಣಕ್ಕೆ ಅರ್ಧ ಬಲವೂ ಇರುವುದಿಲ್ಲ. ಈಗಿರುವುದು 25 ಎಂಎಂ ಸರಳು, ಅಡ್ಡಕ್ಕೆ. ತುದಿ ವೆಲ್ಡ್ ಮಾಡಬೇಡಿ, ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಮೇಲೆ ಸಡಿಲವಾಗಿ ಕೂರಲಿ. ಕಾದಾಗ ಹಿಗ್ಗಲು ಜಾಗ ಬೇಕು, ಬಾಗಿದ್ದನ್ನು ಮಗುಚಿ ಹಾಕಲೂ ಬರುತ್ತದೆ. ಬೀಡುಕಬ್ಬಿಣ ಇನ್ನೂ ಬಾಳುತ್ತದೆ, ಆದರೆ ಬಿಸಿಯಿರುವಾಗ ನೀರು ಬಿದ್ದರೆ ಸೀಳುತ್ತದೆ. ಚಾವಣಿ ಬಿಟ್ಟು ನಮಗೆ ಬಿದ್ದ ಖರ್ಚು ಅರವತ್ತು ಸಾವಿರದ ಆಸುಪಾಸು.

ಸರಳು ನೆಲದಿಂದ ಒಂದೂವರೆ ಅಡಿ ಮೇಲಿರಬೇಕು. ತಗ್ಗಿಸಿದರೆ ಕೆಂಡ ತುಂಬಿ ಗಾಳಿ ಕಟ್ಟುತ್ತದೆ, ಆಗ ಹೊಗೆಯೇ ಹೊಗೆ. ದೇಹದ ಕೆಳಗೆ ದಪ್ಪ ಸೌದೆ ಎರಡು ವರಸೆ, ನಡುವೆ ಎರಡು ಬೆರಳು ಸಂದು. ಕೊನೆಗೆ ಉಳಿಯುವುದು ಯಾವಾಗಲೂ ಸೊಂಟ. ಹಾಗಾಗಿ ಸೌದೆಯ ಮೂರನೇ ಒಂದು ಪಾಲು ಅಲ್ಲಿಗೇ. ಎದೆಯ ಮೇಲೆ ಮಣಿಕಟ್ಟಿನಷ್ಟು ದಪ್ಪದ ಸೀಳು ಸಾಕು. ಬದಿಯ ತಗಡಿಗೆ ತೂತು ಎಲ್ಲೆಲ್ಲಿ, ಎಷ್ಟೆಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇವೆ. ಉರಿಯ ಜೀವ ಅದರಲ್ಲೇ ಇದೆ.

ಸಗಣಿ ಕೊರಡನ್ನೂ ಹಾಕಿ ನೋಡಿದೆವು. ಉರಿಯುತ್ತದೆ, ಆದರೆ ಬೂದಿ ವಿಪರೀತ. ಸರಳಿನ ಸಂದು ಮುಚ್ಚಿಕೊಂಡು ಉರಿ ಸಾಯುತ್ತದೆ. ತೆಂಗಿನ ಗೆರಟೆ ಮಾತ್ರ ಚಿನ್ನ. ಎರಡು ಗೋಣಿ ಸೊಂಟದ ಕೆಳಗೆ, ಒಂದು ಗೋಣಿ ಮುಕ್ಕಾಲು ಗಂಟೆಯ ನಂತರ ಬದಿಯಿಂದ. ಒಟ್ಟಿಗೇ ಸುರಿದರೆ ಭರ್ರೆಂದು ಉರಿದು ಆರುತ್ತದೆ, ದೇಹ ಹಾಗೇ ಉಳಿಯುತ್ತದೆ. ಟೈರ್, ಡೀಸೆಲ್ ನಮ್ಮಲ್ಲಿ ಗೇಟಿನೊಳಗೇ ಬರಕೂಡದು.

ಪೇಸ್‌ಮೇಕರ್ ಇದೆಯೇ ಎಂದು ಮನೆಯವರನ್ನು ಕೇಳಿಯೇ ಸೌದೆ ಒಟ್ಟಬೇಕು. ಅದು ಬೆಂಕಿಯಲ್ಲಿ ಸಿಡಿಯುತ್ತದೆ, ಆಸ್ಪತ್ರೆಯಲ್ಲೇ ತೆಗೆಸಿರಬೇಕು.

ಮಳೆಗಾಲಕ್ಕೆ ಸೌದೆಯನ್ನು ಮಾರ್ಚ್‌ನಲ್ಲೇ ಸೀಳಿಸಿ ಸೂರಿನಡಿ ಪೇರಿಸಿಡಿ. ಹಸಿ ಸೌದೆಯಾದರೆ ಸರಳಿನ ಚಿತೆಗೂ ಮೂರು ಕ್ವಿಂಟಲ್ ದಾಟುತ್ತದೆ.