ನನ್ನ ಸೋಲುಗಳ ನೋಟ್‌ಬುಕ್

ಚೆಸ್ಸನ್ನು ಓದಿ ಕಲಿಯುವ ತಾಳ್ಮೆ ನನಗಿಲ್ಲ. ಒಮ್ಮೆ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ, ಪುಸ್ತಕ ಹಿಡಿದು ಹನ್ನೆರಡು ನಡೆ ಬಾಯಿಪಾಠ ಮಾಡಿದೆ. ಎದುರಾಳಿ ನಾಲ್ಕನೇ ನಡೆಗೇ ಪುಸ್ತಕದಲ್ಲಿಲ್ಲದ ಕಾಲಾಳು ತಳ್ಳಿದ. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು.

ಆಟ ಸುಧಾರಿಸಿದ್ದು ಒಂದು ನೋಟ್‌ಬುಕ್ಕಿನಿಂದ. ಸೋತಾಗಲೆಲ್ಲ ಒಂದೇ ಸಾಲು, ಯಾಕೆ ಸೋತೆ ಅಂತ. ಕಂಪ್ಯೂಟರ್ ಏನನ್ನುತ್ತದೆ ಎಂದು ನೋಡುವ ಮೊದಲೇ ಬರೆಯಬೇಕು. ‘ಕುದುರೆ ರಾಜನಿಗೂ ಆನೆಗೂ ಒಟ್ಟಿಗೇ ಗುರಿಯಿಟ್ಟಿದ್ದು ಕಾಣಲಿಲ್ಲ.’ ‘ಒಂಟೆ ಪುಕ್ಕಟೆ ಹೋಯ್ತು.’ ‘ಗೆದ್ದೆ ಅಂದುಕೊಂಡೆ, ನನ್ನ ರಾಜ ನಿಂತ ಹಿಂದಿನ ಸಾಲು ಮರೆತೆ, ಎದುರಾಳಿಯ ಆನೆ ಇಳಿದು ಮೇಟ್ (ರಾಜನಿಗೆ ತಪ್ಪಿಸಿಕೊಳ್ಳಲಾಗದ ಶಹ).’ ‘ಒಂಟೆ ಪುಕ್ಕಟೆ ಹೋಯ್ತು’, ಮತ್ತೆ. ಎರಡು ಪುಟ ತುಂಬುವಷ್ಟರಲ್ಲಿ ನಾಚಿಕೆಯಾಯಿತು. ಓಪನಿಂಗ್ ಗೊತ್ತಿಲ್ಲದೆ ಸೋತದ್ದು ಎರಡೋ ಮೂರೋ. ಮಿಕ್ಕಿದ್ದೆಲ್ಲ ಕಣ್ಣೆದುರೇ ಇದ್ದದ್ದನ್ನು ನೋಡದೆ ಸೋತದ್ದು.

ಆಮೇಲೆ ಎದುರಾಳಿ ನಡೆದ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳತೊಡಗಿದೆ. ಈ ನಡೆಯಿಂದ ಅವನಿಗೆ ಏನು ಸಿಕ್ಕಿತು? ಯಾವ ಮನೆಯ ಕಾವಲು ಬಿಟ್ಟ? ಮೊದಲನೆಯದು ನನ್ನ ಒಂಟೆಗಳನ್ನು ಉಳಿಸಿತು, ಎರಡನೆಯದು ಗೆಲ್ಲಿಸಿತು. ಯಾವ ಕಾಯಿ ಮುಂದೆ ಹೋದರೂ ಹಿಂದೆ ಏನನ್ನಾದರೂ ಬಿಟ್ಟೇ ಹೋಗಿರುತ್ತದೆ. ಮೂರು ನಿಮಿಷದ ಬ್ಲಿಟ್ಜ್ ಎಂಬ ಅವಸರದ ಆಟದಲ್ಲಿ ಇದನ್ನೆಲ್ಲ ಕೇಳಲು ಪುರುಸೊತ್ತೆಲ್ಲಿ? ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡ್ ಸೇರುವ ಆಟಕ್ಕೆ ಬಂದೆ. ದಿನಕ್ಕೆ ಒಂದೇ ಆಟ. (ಬ್ಲಿಟ್ಜ್ ಪೂರ್ತಿ ಬಿಟ್ಟಿಲ್ಲ. ಚಟ.)

ಖುಷಿಗೆ ಹಳೆಯ ಆಟಗಳಿವೆ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮನೆಯಲ್ಲಿ, ಪ್ರದರ್ಶನ ನಡೆಯುತ್ತಿರುವಾಗಲೇ, ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿ ಒಬ್ಬ ಡ್ಯೂಕ್ ಮತ್ತೊಬ್ಬ ಕೌಂಟ್ ಜೋಡಿಯ ಎದುರು ಆಡಿದ ಆಟವನ್ನು ಹಲಗೆಯ ಮೇಲೆ ಎಷ್ಟು ಸಲ ಆಡಿಸಿದ್ದೇನೋ. 16ನೇ ನಡೆಗೆ ರಾಣಿಯನ್ನೇ ಬಲಿ ಕೊಡುತ್ತಾನೆ, 17ನೇ ನಡೆಗೆ ಆನೆಯಿಂದ ಮೇಟ್. ರಾಣಿಯ ಬಲಿಗಿಂತ ನನ್ನನ್ನು ಹಿಡಿದದ್ದು ಬೇರೆ: ಆಟ ಮುಗಿದಾಗಲೂ ಕಪ್ಪಿನ ಒಂದು ಒಂಟೆ, ಒಂದು ಆನೆ ಇಟ್ಟ ಮನೆಯಿಂದ ಕದಲೇ ಇಲ್ಲ. ಬಿಳಿ ಕಾಯಿಗಳ ಮಾರ್ಫಿಯ ಹತ್ತಿರ ರಾಜ, ಕಾಲಾಳುಗಳ ಹೊರತು ಉಳಿದದ್ದು ಒಂದು ಆನೆ, ಒಂದು ಒಂಟೆ. ಅವೆರಡೂ ದುಡಿಯುತ್ತಿದ್ದವು. ಕಾಯಿಗಳನ್ನು ಬೇಗ ಹೊರಗೆ ತನ್ನಿ ಎಂದು ಹತ್ತು ಜನ ಹೇಳಿದಾಗ ತಲೆಗೆ ಹೋಗದ್ದು ಇಲ್ಲಿ ಹೋಯಿತು.

ಓದು ಅನ್ನಬಹುದಾದದ್ದು ಒಂದೇ: ಎರಡು ರಾಜ, ಒಂದು ಕಾಲಾಳು ಇಟ್ಟುಕೊಂಡು ಎರಡೂ ಕಡೆ ನಾನೇ ಆಡಿದೆ. ರಾಜ ತನ್ನ ಕಾಲಾಳಿನ ಮುಂದೆ ನಿಂತು ತನ್ನ ಕಡೆಯಿಂದ ಆರನೇ ಸಾಲು ಮುಟ್ಟಿದರೆ ಗೆಲುವು, ಸರದಿ ಯಾರದ್ದೇ ಇರಲಿ. ಅಂಚಿನ ಕಾಲಾಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ನೋಟ್‌ಬುಕ್ ಸೇರಿದ್ದು, ಗೆದ್ದೇಬಿಟ್ಟೆ ಅಂದುಕೊಂಡಿದ್ದ ಆಟವೊಂದು ಡ್ರಾ ಆದಮೇಲೆ.