ಸೋಗೆ, ಸಿಪ್ಪೆ, ದಬ್ಬೆ: ಇಡುವ ಮೊದಲು ನಾನು ನೋಡುವುದು

ಸಾಗರ ಸೀಮೆಯಲ್ಲಿ ನಮ್ಮದು ಎರಡು ಎಕರೆ ತೋಟ. ಅಡಿಕೆ, ಅದಕ್ಕೆ ಹಬ್ಬಿಸಿದ ಕಾಳುಮೆಣಸು, ನಡುವೆ ಬಾಳೆ, ಕೊಟ್ಟಿಗೆಯಲ್ಲಿ ಎರಡು ಹಸು. ಒಂದು ಹೆಕ್ಟೇರ್ ಅಡಿಕೆ ತೋಟದಲ್ಲಿ ವರ್ಷಕ್ಕೆ 5ರಿಂದ 6 ಟನ್ ಸೋಗೆ (ಅಡಿಕೆ ಗರಿ), ಹಾಳೆ (ಗರಿಯ ಬುಡದ ಅಗಲ ಪಟ್ಟೆ), ಸಿಪ್ಪೆ ಬೀಳುತ್ತದೆ ಎನ್ನುವುದು ವಿಟ್ಲದ ಸಂಶೋಧನಾ ಕೇಂದ್ರದ ಲೆಕ್ಕ. ಇದನ್ನು ಕಸ ಎಂದು ನೋಡಲು ನನಗೆ ಮನಸ್ಸಾಗದು. ತೋಟದ್ದು ತೋಟಕ್ಕೇ ಸೇರಬೇಕು ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ.

ಎಲೆಚುಕ್ಕಿ ರೋಗ ಬಂದ ಮೇಲೆ ಆ ಕ್ರಮಕ್ಕೆ ಒಂದು ತಿದ್ದುಪಡಿ ಬೇಕಾಯಿತು. ಇದು ಶಿಲೀಂಧ್ರದ ರೋಗ. ಮಳೆಹನಿ, ಗಾಳಿಯ ಜೊತೆ ಎಲೆಯಿಂದ ಎಲೆಗೆ ದಾಟುತ್ತದೆ. ಚುಕ್ಕಿ ಬಿದ್ದ ಸೋಗೆಯನ್ನು ಬುಡಕ್ಕೆ ಮುಚ್ಚಿಗೆ ಮಾಡಿದರೆ ರೋಗವನ್ನು ನಾವೇ ಕೈಯಾರೆ ಸಾಕಿದಂತೆ. ಹಾಗಾಗಿ ಈಗ ಸೋಗೆ ಬಿದ್ದಲ್ಲೇ ಎರಡು ಪಾಲು ಮಾಡುತ್ತೇನೆ. ಆರೋಗ್ಯವಾಗಿರುವುದನ್ನು ಕತ್ತಿಯಲ್ಲಿ ಮೂರು ತುಂಡು ಮಾಡಿ ಮರದ ಬುಡಕ್ಕೆ ಹಾಕುತ್ತೇನೆ. ಚುಕ್ಕಿ ಇದ್ದದ್ದನ್ನು ಹೊರೆ ಕಟ್ಟಿ ತೋಟದಿಂದ ಹೊರಗೆ ಒಯ್ದು, ಒಣಗಿದ ಮೇಲೆ ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಕೊಡುತ್ತೇನೆ. ಹೇಗೂ ಸುಡಲೇಬೇಕಾದ್ದು, ಕೊಯ್ಲಿನ ಕಾಲದಲ್ಲಿ ಉರಿಯೂ ಬೇಕು. ಮಳೆಗಾಲದ ಮುಂಚೆ ಉಳಿದದ್ದನ್ನು ಅಂಗಳದಾಚೆ ಸುಟ್ಟು ಮುಗಿಸುತ್ತೇನೆ. ಮುಂದಿನ ಕೊಯ್ಲಿಗಾಗಲಿ ಎಂದು ಒಂದು ಹೊರೆಯನ್ನೂ ಇಡುವುದಿಲ್ಲ.

ಒಲೆಯ ಬೂದಿ ಮಾತ್ರ ಒಂದು ಬುಟ್ಟಿಯೂ ಹೊರಗೆ ಹೋಗುವುದಿಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು. ಮೂರರಲ್ಲಿ ಪೊಟ್ಯಾಷ್ ಪಾಲೇ ದೊಡ್ಡದು, ಬೂದಿಯಲ್ಲಿ ಇರುವುದೂ ಅದೇ. ಚೀಲಕ್ಕೆ ತುಂಬಿ ಸೂರಿನಡಿ ಇಡುತ್ತೇನೆ, ಏಕೆಂದರೆ ಒಂದು ಮಳೆ ತಾಗಿದರೆ ಸತ್ವವೆಲ್ಲ ಬಸಿದು ಹೋಗುತ್ತದೆ. ಹಸಿ ಸಗಣಿ ಗೊಬ್ಬರದ ಜೊತೆ ಬೆರೆಸುವುದಿಲ್ಲ. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ.

ಹಸಿ ಅಡಿಕೆ ಸುಲಿದ ಸಿಪ್ಪೆಯ ವಿಷಯದಲ್ಲಿ ನನಗೆ ಸಂಕಟವಿದೆ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯ ರಸ್ತೆ ಬದಿಗಳನ್ನು ನೋಡಿ: ರಾಶಿ ರಾಶಿ ಸಿಪ್ಪೆ, ಅದಕ್ಕೆ ಬೆಂಕಿ, ದಿನಗಟ್ಟಲೆ ಹೊಗೆ. ಸಿಪ್ಪೆ ನಾರು, ಬೇಗ ಕರಗದು, ಅದು ನಿಜ. ಆದರೆ ಕರಗುತ್ತದೆ. ಒಂದು ಪದರ ಸಿಪ್ಪೆ, ಮೇಲೆ ಗೋಬರ್ ಗ್ಯಾಸಿನ ಸ್ಲರಿ, ಕೊಟ್ಟಿಗೆಯ ಸೊಪ್ಪು, ಮತ್ತೆ ಸಿಪ್ಪೆ, ಹೀಗೆ ಏರಿಸುತ್ತ ಹೋಗುತ್ತೇನೆ. ಬೇಸಿಗೆಯಲ್ಲಿ ತೇವ ಆರಲು ಬಿಡುವುದಿಲ್ಲ, ಜಡಿಮಳೆಗೆ ಮುಚ್ಚಿಡುತ್ತೇನೆ. ಮುಂದಿನ ಕೊಯ್ಲಿನ ಹೊತ್ತಿಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಆಗಿರುತ್ತದೆ. ಆಗದ್ದನ್ನು ಹೊಸ ರಾಶಿಯ ತಳಕ್ಕೆ ಹಾಕುತ್ತೇನೆ.

ಅಡಿಕೆ ಬೇಯಿಸಿ ಉಳಿದ ನೀರು, ಅಂದರೆ ಚೊಗರನ್ನು ಯಾರೂ ಚೆಲ್ಲುವುದಿಲ್ಲ, ಮುಂದಿನ ಹಂಡೆಗೆ ಅದೇ ಬಣ್ಣ ಕೊಡುತ್ತದೆ. ಹೆಗ್ಗೋಡಿನ ಹತ್ತಿರದ ಕೈಮಗ್ಗದ ಸಂಸ್ಥೆ ‘ಚರಕ’ದವರು ಬಟ್ಟೆಗೆ ಬಣ್ಣ ಕಟ್ಟುವುದಕ್ಕೂ ಚೊಗರು ಬಳಸುತ್ತಾರೆ.

ಹಾಳೆ ಒಣ ಕಾಲದ್ದಾದರೆ ಕತ್ತರಿಸಿ ಹಸುಗಳಿಗೆ. ಮಳೆಗಾಲದಲ್ಲಿ ಮರಕ್ಕೆ ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿದ್ದದ್ದು ಮೇವಿಗಿಲ್ಲ. ಬಿದ್ದ ಹಾಳೆಯನ್ನು ಕವುಚಿ ಹಾಕುವುದನ್ನು ಮನೆಯ ಮಕ್ಕಳಿಗೂ ಕಲಿಸಿದ್ದೇವೆ. ಅದರಲ್ಲಿ ನಿಂತ ನೀರು ಡೆಂಗೆ ಸೊಳ್ಳೆಗೆ ಸಾಕು.

ಸತ್ತ ಮರ ಬಿದ್ದರೆ ಅಪ್ಪಯ್ಯ ಮೊದಲು ದಬ್ಬೆ (ಮರ ಸೀಳಿದ ಪಟ್ಟಿ) ಎಷ್ಟು ಸಿಗಬಹುದು ಎಂದು ನೋಡುತ್ತಾರೆ. ನಾನು ಬುಡ ನೋಡುತ್ತೇನೆ. ಅಣಬೆ ರೋಗದಿಂದ ಸತ್ತಿದ್ದರೆ ಬುಡವನ್ನು ಬೇರು ಸಮೇತ ಕಿತ್ತು ಸುಡಬೇಕು, ಅದರ ಒಂದು ತುಂಡೂ ತೋಟದಲ್ಲಿ ಉಳಿಯಬಾರದು. ಗಾಳಿಗೆ ಬಿದ್ದ ಬಲಿತ ಮರವಾದರೆ ಸೀಳಿ, ಒಳಗಿನ ಮೆದು ತಿರುಳು ತೆಗೆದು, ಒಣಗಿಸಿ ಸೂರಿನಡಿ ಇಡುತ್ತೇವೆ. ಅಡಿಕೆ ಒಣಗಿಸುವ ಅಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ.

ಮೆಣಸಿನ ಬಳ್ಳಿ ಕಟ್ಟಲು ಒಣ ಬಾಳೆಪಟ್ಟೆಯನ್ನೇ ಕೂಡಿಟ್ಟುಕೊಳ್ಳುತ್ತೇನೆ. ಬಳ್ಳಿ ಮರಕ್ಕೆ ಬೇರು ಕಚ್ಚುವಷ್ಟು ದಿನ ಹಿಡಿದಿದ್ದು, ಆಮೇಲೆ ತಾನೇ ಕೊಳೆತು ಬೀಳುತ್ತದೆ. ಪ್ಲಾಸ್ಟಿಕ್ ದಾರ ಬೀಳುವುದಿಲ್ಲ. ಬಳ್ಳಿ ದಪ್ಪವಾದಂತೆ ಅದರ ಕತ್ತು ಬಿಗಿಯುತ್ತದೆ.

ಪೇಟೆಯಿಂದ ಬಂದ ಸಾಮಾನಿನಲ್ಲಿ ನಾನು ಬಿಗಿ. "ಎಂತಕ್ಕಾದ್ರೂ ಬರ್ತದೆ, ಇರ್ಲಿ" ಎಂದು ಅಪ್ಪಯ್ಯ ಅನ್ನುತ್ತಾರೆ. ಎಂತಕ್ಕೆ, ಯಾವಾಗ ಎಂದು ಕೇಳಿ, ಉತ್ತರ ಬಂದರೆ ಇಡುತ್ತೇನೆ. ಹಳೆಯ ಡ್ರಿಪ್ ಪೈಪಿನಲ್ಲಿ ಒಂದಷ್ಟನ್ನು ಸೀಳಿ ಕತ್ತಿ, ಗರಗಸದ ಬಾಯಿಗೆ ತೊಡಿಸುತ್ತೇನೆ, ಮಿಕ್ಕದ್ದು ಗುಜರಿಗೆ. ಪ್ಲಾಸ್ಟಿಕ್ ಡ್ರಮ್ಮು ಬಿರುಕು ಬಿಡುವ ತನಕ ಇರಲೇಬೇಕು, ಏಕೆಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡುವ ಹಾಗಿಲ್ಲ. ಗೊಬ್ಬರದ ಚೀಲ ಬಿಸಿಲಿಗೆ ಬಿದ್ದು ಎಳೆ ಉದುರಲು ಶುರುವಾದ ದಿನವೇ ಹೊರಗೆ. ತಡ ಮಾಡಿದರೆ ಆ ಎಳೆಗಳನ್ನು ಮಣ್ಣಿನಿಂದ ಹೆಕ್ಕಲು ಸಾಧ್ಯವಿಲ್ಲ.

ಕೀಟನಾಶಕದ ಬಾಟಲಿ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ಚೆಂದದ ಮುಚ್ಚಳವಿರಲಿ, ಮರುಬಳಕೆಯ ಮಾತೇ ಇಲ್ಲ. ಮೂರು ಸಲ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹಾಕಿ, ಬಾಟಲಿಗೆ ಮೊಳೆಯಿಂದ ತೂತು ಹೊಡೆಯುತ್ತೇನೆ. ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತವೆ 1971ರ ಕೀಟನಾಶಕ ನಿಯಮಗಳು. ತೂತಿನ ಬಾಟಲಿಯಲ್ಲಿ ಯಾರೂ ಸೀಮೆಎಣ್ಣೆಯನ್ನೋ ಕುಡಿಯುವ ನೀರನ್ನೋ ತುಂಬಿಡಲಾರರು. ಆ ಕೆಲಸ ಮುಗಿಯದೆ ಸಿಂಪಡಣೆಯ ದಿನ ನಾನು ಕೈಕಾಲು ತೊಳೆಯುವುದಿಲ್ಲ.